ಹಾರಿಸದೆ ಇಳಿಸಿದ ಕೈ

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಸಿದ್ಧಾರೂಢರ ಜಾತ್ರೆಯಲ್ಲೋ ಮುರುಘಾಮಠದ ಜಾತ್ರೆಯಲ್ಲೋ ಬಲೂನಿಗೆ ಗುಂಡು ಹೊಡೆಯದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಹಾಗಾದರೆ ನನ್ನ ಕೆಲಸ ಸ್ವಲ್ಪ ಹಗುರಾಯಿತು. ಗುರಿ ಇಡುವುದು ಅಂದರೆ ಏನು ಅಂತ ನಿಮಗೆಲ್ಲ ಗೊತ್ತಿದೆ.

ಆದರೆ ಜಾತ್ರೆಯ ಬಂದೂಕಿಗೂ ನಾನು ಇವತ್ತು ಹೇಳಬೇಕೆಂದಿರುವ ಆಟಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ನೀವು ಎರಡೂ ಕೈಯಲ್ಲಿ ಬಂದೂಕು ಹಿಡಿಯುತ್ತೀರಿ, ಅದರ ಹಿಂಭಾಗವನ್ನು ಭುಜಕ್ಕೆ ಒತ್ತುತ್ತೀರಿ, ಮೊಣಕೈಯನ್ನು ಮೇಜಿಗೆ ಊರುತ್ತೀರಿ. ಬಲೂನಿನ ಯಾವ ಮೂಲೆಗೆ ತಾಗಿದರೂ ಅದು ಒಡೆಯುತ್ತದೆ. ನನ್ನ ಆಟ ಏರ್ ಪಿಸ್ತೂಲ್, ಅಂದರೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಪಿಸ್ತೂಲಿನದು. ಅದರ ಮ್ಯಾಚಿನಲ್ಲಿ ಇದ್ಯಾವುದೂ ಇಲ್ಲ. ನಿಂತೇ ಹೊಡೆಯಬೇಕು, ಒಂದೇ ಕೈಯಲ್ಲಿ ಹೊಡೆಯಬೇಕು. ಎಲ್ಲೂ ಒರಗುವಂತಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟುವಂತಿಲ್ಲ. ಇನ್ನೊಂದು ಕೈ ಜೇಬಿನಲ್ಲಿ.

ಜೇಬು ಅಂದ ಕೂಡಲೇ ಅಲ್ಲಿ ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ. ಯಾಕೆ ಅಂತ ಗೊತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಒಂದು ಕೈ ಜೇಬಿನಲ್ಲಿಟ್ಟು, ಮಾಮೂಲಿ ಕನ್ನಡಕ ಹಾಕಿಕೊಂಡು ಹೊಡೆದ ಫೋಟೋ ನಿಮ್ಮ ಎಲ್ಲರ ಮೊಬೈಲಿಗೂ ಬಂದಿತ್ತು. "ಎಂಥಾ ಗತ್ತು ನೋಡ್ರಿ" ಅಂತ ಜನ ಬೆರಗಾದರು. ಈ ಆಟ ಆಡುವ ನಮಗೆ ನಗು ಬಂತು. ಜೇಬಿನಲ್ಲಿ ಕೈ ಇಡುವುದು ಗತ್ತಲ್ಲ. ಆ ಕೈ ತೂಗಾಡಿದರೆ ಮೈ ತೂಗುತ್ತದೆ, ಮೈ ತೂಗಿದರೆ ಪಿಸ್ತೂಲ್ ತೂಗುತ್ತದೆ. ಅದಕ್ಕೇ ಎಲ್ಲರೂ ಅದನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮ ಮನು ಭಾಕರ್ ಕೂಡ, ಜಿಲ್ಲಾ ಮಟ್ಟದಲ್ಲಿ ಸೋಲುವ ನಾನೂ ಕೂಡ. ಅಷ್ಟರ ಮಟ್ಟಿಗೆ ನಾವಿಬ್ಬರೂ ಸಮ.

ಈಗ ಆಟದ ಲೆಕ್ಕ ಹೇಳುತ್ತೇನೆ. ಗುರಿ ಇರುವುದು 10 ಮೀಟರ್ ದೂರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿ. ಪಿಸ್ತೂಲ್ ಹಾರಿಸುವುದು 4.5 ಮಿಲಿಮೀಟರಿನ ಸೀಸದ ಪೆಲೆಟ್, ಅಂದರೆ ಪುಟ್ಟ ಗುಂಡು. ಟಾರ್ಗೆಟ್ಟಿನ ಮಧ್ಯದಲ್ಲಿ ಕಪ್ಪು ವೃತ್ತ. ಅದರ ಅಗಲ 59.5 ಮಿಲಿಮೀಟರ್. ಅದರೊಳಗೆ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟು. ಅದರೊಳಗೂ 5 ಮಿಲಿಮೀಟರಿನ ಇನ್ನೊಂದು ವೃತ್ತ ಇದೆ. ಅದು ಇನ್ನರ್ ಟೆನ್. ಒಟ್ಟು 60 ಗುಂಡು, 600 ಅಂಕ. ಇಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 75 ನಿಮಿಷ, ಕಾಗದದ ಟಾರ್ಗೆಟ್ ಆದರೆ 90 ನಿಮಿಷ. ಅದಕ್ಕೂ ಮೊದಲು 15 ನಿಮಿಷ ತಯಾರಿ ಮತ್ತು ಸೈಟಿಂಗ್, ಅಂದರೆ ಗುರಿ ಸರಿಮಾಡಿಕೊಳ್ಳಲು ಹೊಡೆದು ನೋಡುವುದು. ಆ ಹೊತ್ತಿನಲ್ಲಿ ಎಷ್ಟು ಗುಂಡು ಹೊಡೆದರೂ ಲೆಕ್ಕಕ್ಕಿಲ್ಲ.

ಇದಿಷ್ಟು ಕೇಳಿದ ಮೇಲೆ ತಂದೆ-ತಾಯಂದಿರು ಕೇಳುವ ಮೊದಲ ಪ್ರಶ್ನೆ ಲೈಸೆನ್ಸಿನದು. ಸರಿಯಾದ ಪ್ರಶ್ನೆಯೇ. ನಮ್ಮ ಭಾಗದವರಿಗೆ ಆಯುಧದ ಕಾನೂನು ಹೊಸದಲ್ಲ. 1857ರಲ್ಲಿ ಕಂಪನಿ ಸರ್ಕಾರ ಮನೆಮನೆಯ ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಊರಿಗೆ ಬೆಂಕಿ ಬಿತ್ತು. ಅದರ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಇವತ್ತಿನ ಕಾನೂನು 1959ರದ್ದು, ಅದರ ನಿಯಮಗಳು 2016ರವು. ಆ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಮ್ಯಾಚಿನ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ. ತೂಕ ಅರ್ಧ ಗ್ರಾಂ. ಅಂದರೆ ಐದಾರು ಜೂಲ್ ಅಷ್ಟೇ. ಮದ್ದಿನ ಗುಂಡು ಹಾರಿಸುವ .22 ಪಿಸ್ತೂಲ್ ಬೇರೆ ಮಾತು. ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಅದರ ಆಸೆ ಸದ್ಯಕ್ಕೆ ಬೇಡ.

ಲೈಸೆನ್ಸ್ ಬೇಡ ಅಂತ ಅದನ್ನು ಚೀಲದಲ್ಲಿ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಗೆಳೆಯರಿಗೆ ತೋರಿಸುತ್ತಾ ಹೋಗಬೇಡಿ ಮಾರಾಯರೇ. ನೋಡುವವರಿಗೆ ಅದು ಪಿಸ್ತೂಲೇ. ಅದರ ಪೆಟ್ಟಿಗೆಯಲ್ಲೇ ಇರಲಿ, ಬಿಲ್ಲಿನ ಪ್ರತಿ ಮತ್ತು ಕ್ಲಬ್ಬಿನ ಕಾರ್ಡ್ ಜೊತೆಗಿರಲಿ. ರಾಜ್ಯ ಮಟ್ಟದ ಮ್ಯಾಚಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುವಾಗ ಎದುರು ಸೀಟಿನ ಅಜ್ಜ ಒಬ್ಬರು ನನ್ನ ಪೆಟ್ಟಿಗೆ ನೋಡಿ, "ಯವ್ವಾ, ಪಿಟೀಲೇನಬೆ?" ಅಂತ ಕೇಳಿದರು. ಧಾರವಾಡದ ಕಡೆಯವಳು ಅಂದ ಮೇಲೆ ಪೆಟ್ಟಿಗೆಯಲ್ಲಿ ಸಂಗೀತವೇ ಇರಬೇಕು ಅಂತ ಅವರ ಲೆಕ್ಕ. ನಾನು ಹೂಂ ಅಂದುಬಿಟ್ಟೆ. ಆಮೇಲೆ ಅವರು ಒಂದು ಹಾಡು ನುಡಿಸು ಅಂದಾಗ ಕಷ್ಟ ಆಯಿತು.

ಮ್ಯಾಚಿಗೆ ಬರೋಣ. ಮೊದಲು ಸಾಮಾನು ತಪಾಸಣೆ. ಪಿಸ್ತೂಲ್ 1500 ಗ್ರಾಂ ಮೀರಬಾರದು, 420 ಮಿಲಿಮೀಟರ್ ಉದ್ದದ ಒಂದು ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಟ್ರಿಗರ್‌ಗೆ 500 ಗ್ರಾಮಿನ ತೂಕ ನೇತು ಹಾಕುತ್ತಾರೆ. ಆ ತೂಕವನ್ನು ಟ್ರಿಗರ್ ಹಿಡಿದು ನಿಲ್ಲಬೇಕು, ಬಿಟ್ಟರೆ ಪಾಸಾಗುವುದಿಲ್ಲ. ಶೂ ಪಾದದ ಗಂಟಿಗಿಂತ ಕೆಳಗಿರಬೇಕು. ಇದೆಲ್ಲ ಹತ್ತು ನಿಮಿಷದ ಕೆಲಸ, ಆದರೆ ಹೊಸಬರ ಎದೆ ಇಲ್ಲಿಂದಲೇ ಬಡಿದುಕೊಳ್ಳಲು ಶುರುವಾಗುತ್ತದೆ. ಆಮೇಲೆ ನಿಮ್ಮ ಡಿಟೇಲ್, ಅಂದರೆ ಸರದಿ, ಯಾವುದು, ಲೇನ್ ನಂಬರ್ ಎಷ್ಟು ಅಂತ ಪಟ್ಟಿ ಹಾಕುತ್ತಾರೆ. ಕರೆದಾಗ ಹೋಗಿ ಪೆಟ್ಟಿಗೆ ತೆರೆಯುತ್ತೀರಿ. ನಳಿಕೆಯಲ್ಲಿ ಬಣ್ಣದ ದಾರದಂಥ ಸೇಫ್ಟಿ ಫ್ಲ್ಯಾಗ್ ಇರಬೇಕು. ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಕಾಣುವುದಕ್ಕೆ ಅದು. ರೇಂಜ್ ಆಫೀಸರ್ ಹೇಳುವವರೆಗೆ ಅದನ್ನು ತೆಗೆಯುವಂತಿಲ್ಲ.

ಇಲ್ಲಿ ಎಲ್ಲ ಆದೇಶವೂ ಇಂಗ್ಲಿಷಿನಲ್ಲೇ. ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೆ ಇದೊಂದು ಹೆದರಿಕೆ. ಹೆದರಬೇಡಿ. ಕಿವಿಯಲ್ಲಿ ಹಿಡಿಯಬೇಕಾದ ಪದಗಳು ಮೂರೇ. ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಅದರಲ್ಲೂ ಸ್ಟಾಪ್ ಅಂದ ಮೇಲೆ ಹಾರಿಸಿದ ಗುಂಡಿಗೆ ಸೊನ್ನೆ.

ಈಗ ಮುಖ್ಯ ವಿಷಯ. ಸ್ಟಾರ್ಟ್ ಅಂದರು. ನೀವು ಸುಮಾರು ಒಂದು ಕಿಲೋ ತೂಕದ ಪಿಸ್ತೂಲನ್ನು ಕೈ ಪೂರ್ತಿ ಚಾಚಿ ಎತ್ತಿದಿರಿ. ಏನು ಕಾಣುತ್ತದೆ? ನಡುಕ ಕಾಣುತ್ತದೆ. ಎಲ್ಲರಿಗೂ ಕಾಣುತ್ತದೆ. ಜಿಮ್‌ಗೆ ಹೋಗುವ ಹುಡುಗ ಬರುತ್ತಾನೆ, ತೋಳು ಇಷ್ಟು ದಪ್ಪ, "ಮೇಡಮ್, ನನ್ನ ಕೈ ಅಲ್ಲಾಡಂಗಿಲ್ಲ ನೋಡ್ರಿ" ಅನ್ನುತ್ತಾನೆ. ಪಿಸ್ತೂಲ್ ಕೊಟ್ಟ ಮೇಲೆ ಅವನದೂ ಅಲ್ಲಾಡುತ್ತದೆ. ಎದೆ ಬಡಿತ ಕೈಗೆ ಬರುತ್ತದೆ, ಉಸಿರು ಭುಜಕ್ಕೆ ಬರುತ್ತದೆ, ಸ್ನಾಯುಗಳು ತಮ್ಮಷ್ಟಕ್ಕೆ ಸಣ್ಣಗೆ ಮಿಡಿಯುತ್ತಲೇ ಇರುತ್ತವೆ. ಜೀವ ಇದೆ ಅಂದಮೇಲೆ ನಡುಕ ಇದೆ.

ಈ ನಡುಕ ನಿಲ್ಲಿಸುವುದಕ್ಕೆ ಮಾತ್ರೆ ಇದೆ ಅಂತ ನಿಮ್ಮಲ್ಲಿ ವೈದ್ಯಕೀಯ ಓದುವವರಿಗೆ ಗೊತ್ತಿರುತ್ತದೆ. ಬೀಟಾ ಬ್ಲಾಕರ್. ಬಿಪಿಗೂ ಎದೆ ಬಡಿತಕ್ಕೂ ಕೊಡುವ ಮಾತ್ರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್-ಸು ಪಿಸ್ತೂಲಿನಲ್ಲಿ ಎರಡು ಪದಕ ಗೆದ್ದಿದ್ದರು. ಒಂದು ಬೆಳ್ಳಿ, ಒಂದು ಕಂಚು. ಪರೀಕ್ಷೆಯಲ್ಲಿ ಇದೇ ಜಾತಿಯ ಪ್ರೊಪ್ರನೊಲಾಲ್ ಸಿಕ್ಕಿತು, ಎರಡೂ ಪದಕ ಹೋದವು. ಶೂಟಿಂಗ್‌ನಲ್ಲಿ ಈ ಮಾತ್ರೆ ಮ್ಯಾಚಿನ ದಿನವೂ ನಿಷಿದ್ಧ, ಉಳಿದ ದಿನವೂ ನಿಷಿದ್ಧ. ಇಲ್ಲಿ ಕೂತಿರುವ ಹಿರಿಯರಲ್ಲಿ ಬಿಪಿ ಮಾತ್ರೆ ತಗೊಳ್ಳುವವರು ಇದ್ದರೆ ದಯವಿಟ್ಟು ಆಟಕ್ಕಾಗಿ ಅದನ್ನು ಬಿಡಬೇಡಿ. ಮೊದಲು ಡಾಕ್ಟರನ್ನು ಕೇಳಿ. ನಿಮ್ಮ ಮಾತ್ರೆ ಯಾವ ಜಾತಿಯದು ಅಂತ ಅವರು ಹೇಳುತ್ತಾರೆ. ಅದು ಪಟ್ಟಿಯಲ್ಲಿದ್ದರೆ ಅನುಮತಿ ಕೇಳುವುದಕ್ಕೆ ಒಂದು ದಾರಿಯೂ ಇದೆ.

ಮಾತ್ರೆ ಇಲ್ಲದೆ ನಡುಕ ಹೋಗುವುದಿಲ್ಲ. ಹಾಗಾದರೆ ಹತ್ತಕ್ಕೆ ಹೊಡೆಯುವುದು ಹೇಗೆ? ಇಲ್ಲಿ ಸ್ವಲ್ಪ ಗಣಿತ ಮಾಡಬೇಕು. ಬೇಜಾರು ಮಾಡಿಕೊಳ್ಳಬೇಡಿ, ಆಟದ ಗುಟ್ಟು ಇಲ್ಲೇ ಇದೆ.

ಪೆಲೆಟ್ಟಿನ ಅಂಚು ಗೆರೆಗೆ ತಾಗಿದರೂ ಮೇಲಿನ ಅಂಕವೇ ಸಿಗುತ್ತದೆ. ಹಾಗಾಗಿ ಪೆಲೆಟ್ ಟಾರ್ಗೆಟ್ಟಿನ ನಡುಬಿಂದುವಿನಿಂದ 8 ಮಿಲಿಮೀಟರ್ ಆಚೀಚೆ ಬಿದ್ದರೂ ಅದು ಹತ್ತೇ. 16ರವರೆಗೆ ಒಂಬತ್ತು, 24ರವರೆಗೆ ಎಂಟು, 32ರವರೆಗೆ ಏಳು. ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಹೋಗುತ್ತದೆ ಅಂತ ನೆನಪಿಟ್ಟುಕೊಳ್ಳಿ. ಈಗ ನಿಮ್ಮ ಕೈ ಇಡಿಯಾಗಿ, ಪಿಸ್ತೂಲ್ ಸಮೇತ, ಎಡಕ್ಕೆ 5 ಮಿಲಿಮೀಟರ್ ಸರಿಯಿತು ಅಂದುಕೊಳ್ಳಿ. ನಳಿಕೆಯ ದಿಕ್ಕು ಬದಲಾಗಿಲ್ಲ. ಗುಂಡು ಕೂಡ 5 ಮಿಲಿಮೀಟರ್ ಎಡಕ್ಕೆ ಬೀಳುತ್ತದೆ. ಇನ್ನೂ ಹತ್ತೇ! ಆದರೆ ಪಿಸ್ತೂಲಿನ ಮೂತಿ ತಿರುಗಿದರೆ ಕಥೆ ಬೇರೆ. ಗುರಿ ನೋಡುವುದಕ್ಕೆ ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಸೈಟ್ ಇರುತ್ತದೆ. ಹಿಂದಿನ ಸೈಟಿನಲ್ಲಿ ಒಂದು ಸೀಳು ಇದೆ, ಮುಂದಿನ ಸೈಟ್ ಒಂದು ಸಣ್ಣ ಕಂಬ. ಇವೆರಡರ ನಡುವೆ ಸುಮಾರು 32 ಸೆಂಟಿಮೀಟರ್ ಅಂತರ. ಆ ಕಂಬ ಸೀಳಿನ ಮಧ್ಯದಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋದರೆ 10 ಮೀಟರ್ ಆಚೆ ಅದು 31 ಮಿಲಿಮೀಟರ್ ಆಗುತ್ತದೆ. ಹತ್ತು ಇದ್ದದ್ದು ಏಳು.

ಅದಕ್ಕೇ ಕಣ್ಣು ಟಾರ್ಗೆಟ್ಟಿನ ಮೇಲೆ ಇರಬಾರದು, ಮುಂದಿನ ಸೈಟಿನ ಮೇಲೆ ಇರಬೇಕು. ಕಪ್ಪು ವೃತ್ತ ಮಸುಕಾಗಿ ಕಾಣಲಿ. ಬಹಳ ಜನ ಆ ಕಪ್ಪಿನೊಳಗೆ ಗುರಿ ಇಡುವುದೂ ಇಲ್ಲ. ಅದರ ಕೆಳಗಿನ ಬಿಳಿ ಜಾಗದಲ್ಲಿ ಇಟ್ಟು, ಗುಂಡು ಮೇಲಕ್ಕೆ ಬೀಳುವಂತೆ ಸೈಟ್ ತಿರುಗಿಸಿಕೊಂಡಿರುತ್ತಾರೆ. ಕರಿ ಕಂಬ ಬಿಳಿ ಜಾಗದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ ಅಂತ. ಗುರಿಯನ್ನು ನೋಡದೆ ಗುರಿ ಹೊಡೆಯಬೇಕು ಅಂದರೆ ಹೊಸಬರಿಗೆ ನಂಬಿಕೆಯೇ ಬರುವುದಿಲ್ಲ. ಕಣ್ಣು ಓಡಿ ಓಡಿ ಟಾರ್ಗೆಟ್ಟಿಗೇ ಹೋಗುತ್ತದೆ. ಅದನ್ನು ಹಿಡಿದು ಹಿಡಿದು ಹಿಂದಕ್ಕೆ ತರುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಇನ್ನು ಟ್ರಿಗರ್. ಕೈ ಅಲ್ಲಾಡುತ್ತಾ ಇರುತ್ತದೆ, ಕಂಬ ಒಂದು ಕ್ಷಣ ಸರಿಯಾದ ಜಾಗಕ್ಕೆ ಬರುತ್ತದೆ. ಮನಸ್ಸು "ಈಗ!" ಅನ್ನುತ್ತದೆ, ಬೆರಳು ಟಕ್ಕಂತ ಎಳೆಯುತ್ತದೆ. ಆ ಎಳೆತಕ್ಕೇ ಮೂತಿ ತಿರುಗುತ್ತದೆ. ಏಳು, ಕೆಲವೊಮ್ಮೆ ಕಪ್ಪಿನಿಂದಲೇ ಆಚೆ, ಆರು. ಮುಂದಿನ ಸಾಲಿನಲ್ಲಿ ಕೂತ ಅಕ್ಕಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದೀಪಾವಳಿಗೆ ಚಕ್ಕುಲಿ ಒರಳು ಒತ್ತುವಾಗ ಒಂದೇ ಹದದಲ್ಲಿ ಒತ್ತುತ್ತೀರಿ, ಮಧ್ಯೆ ಜಗ್ಗಿದರೆ ಎಳೆ ಹರಿಯುತ್ತದೆ. ಟ್ರಿಗರ್ ಅಷ್ಟೇ. ಕೈ ಅಲ್ಲಾಡುತ್ತಿರುವಾಗಲೇ, ಅಲ್ಲಾಡಲಿ ಅಂತ ಬಿಟ್ಟು, ಒಂದೇ ಹದದಲ್ಲಿ ಒತ್ತುತ್ತಾ ಹೋಗಬೇಕು. ಗುಂಡು ಯಾವ ಕ್ಷಣದಲ್ಲಿ ಹೋಗುತ್ತದೆ ಅಂತ ನಿಮಗೇ ಪೂರ್ತಿ ಗೊತ್ತಿರಬಾರದು. ಹೋದ ಮೇಲೂ ಒಂದೆರಡು ಸೆಕೆಂಡ್ ಹಾಗೇ ನಿಂತಿರಬೇಕು, ಕೈ ಇಳಿಸಬಾರದು.

ಇಷ್ಟನ್ನು ಯಾವ ಕೋಚ್ ಆದರೂ ಹೇಳುತ್ತಾರೆ, ಯೂಟ್ಯೂಬಿನಲ್ಲೂ ಸಿಗುತ್ತದೆ. ನಾನು ಇವತ್ತು ಬಂದದ್ದು ಅದರ ಮುಂದಿನ ಮಾತಿಗೆ. ಪ್ರಾಕ್ಟೀಸಿನಲ್ಲಿ ಇದೆಲ್ಲ ಬರುತ್ತದೆ. ಮ್ಯಾಚಿನಲ್ಲಿ ಯಾಕೆ ಬರುವುದಿಲ್ಲ?

ಮ್ಯಾಚಿನಲ್ಲಿ ಏನಾಗುತ್ತದೆ ಕೇಳಿ. ಕೈ ಎತ್ತುತ್ತೀರಿ. ನಾಲ್ಕೈದು ಸೆಕೆಂಡಿನಲ್ಲಿ ಕೈ ಒಂದು ಹದಕ್ಕೆ ಬರುತ್ತದೆ. ಆ ಹೊತ್ತಿಗೆ ಬೆರಳು ಕೆಲಸ ಮುಗಿಸಿರಬೇಕಿತ್ತು. ಯಾಕೋ ಮುಗಿಸಿಲ್ಲ. ಬೆರಳಿಗೆ ಅಳುಕು. ಎಂಟು ಸೆಕೆಂಡ್, ಹತ್ತು ಸೆಕೆಂಡ್. ಹಿಡಿದ ಉಸಿರು ಸಾಲದೆ ಬರುತ್ತದೆ, ನಡುಕ ಜಾಸ್ತಿ ಆಗುತ್ತದೆ, ಕಣ್ಣು ಮಂಜಾಗುತ್ತದೆ. ಒಳಗೊಂದು ಧ್ವನಿ, "ಇಷ್ಟು ಹೊತ್ತು ಹಿಡಿದಿದ್ದೀಯ, ಹಾರಿಸಿಬಿಡು." ಹಾರಿಸಿಬಿಡುತ್ತೀರಿ. ಏಳು. ನನ್ನ ಡೈರಿ ತೆಗೆದು ನೋಡಿದರೆ, ಏಳು ಮತ್ತು ಆರರ ಗುಂಡುಗಳ ಪಕ್ಕದಲ್ಲಿ ಬಹುಪಾಲು ಒಂದೇ ಟಿಪ್ಪಣಿ ಇರುತ್ತದೆ, 'ತಡ ಆಯಿತು, ಆದರೂ ಹೊಡೆದೆ' ಅಂತ. ಗುರಿ ತಪ್ಪಿದ್ದು ಕಣ್ಣಿನಿಂದಲ್ಲ, ಕೈಯಿಂದಲೂ ಅಲ್ಲ. ಕೈ ಇಳಿಸಬೇಕಾದಲ್ಲಿ ಇಳಿಸದೆ ಇದ್ದದ್ದರಿಂದ.

ಕೈ ಇಳಿಸುವುದಕ್ಕೆ ಯಾವ ದಂಡವೂ ಇಲ್ಲ. ಅರವತ್ತು ಗುಂಡನ್ನು ನೂರು ಸಲ ಕೈ ಎತ್ತಿ ಹೊಡೆಯಿರಿ, ಯಾರೂ ಕೇಳುವುದಿಲ್ಲ. ಸಮಯ ಸಾಲುತ್ತದಾ ಅಂದರೆ ಅದಕ್ಕೂ ಲೆಕ್ಕ ಇದೆ. 75 ನಿಮಿಷ, 60 ಗುಂಡು. ಒಂದೊಂದಕ್ಕೆ 75 ಸೆಕೆಂಡ್. ಪೆಲೆಟ್ ಹಾಕಿ, ಉಸಿರು ತಗೊಂಡು, ಎತ್ತಿ, ಹೊಡೆದು, ಇಳಿಸುವುದಕ್ಕೆ 45 ಸೆಕೆಂಡ್ ಹಿಡಿಯಿರಿ. ಒಟ್ಟು 45 ನಿಮಿಷ. ಇನ್ನೂ ಅರ್ಧ ಗಂಟೆ ಕೈಯಲ್ಲಿದೆ. ಆ ಅರ್ಧ ಗಂಟೆ ಇರುವುದೇ ಇಳಿಸುವುದಕ್ಕೆ. ಆದರೂ ಜನ ಇಳಿಸುವುದಿಲ್ಲ. ಯಾಕೆ? ಪಕ್ಕದ ಲೇನಿನವನು ಪಟಪಟ ಹೊಡೆಯುತ್ತಿದ್ದಾನೆ. ಹಿಂದೆ ಮನೆಯವರು ಕೂತಿದ್ದಾರೆ. ಎತ್ತಿದ ಕೈ ಇಳಿಸಿದರೆ ಹೆದರಿದೆ ಅಂದುಕೊಳ್ಳುತ್ತಾರೆ ಅನ್ನುವ ಅಂಜಿಕೆ. ನಮ್ಮ ಕಡೆ 'ಎತ್ತಿದ ಕೈ' ಅಂದರೆ ಮೆಚ್ಚಿ ಆಡುವ ಮಾತು ಬೇರೆ! ಇಳಿಸಿದ ಕೈಗೆ ಹೊಗಳಿಕೆ ಇಲ್ಲ.

ನಾನು ಮ್ಯಾಚ್ ನೋಡಲು ಹೋದಾಗ ಸ್ಕೋರ್ ಬೋರ್ಡ್ ಕಡೆ ಜಾಸ್ತಿ ನೋಡುವುದಿಲ್ಲ. ಯಾರು ಎಷ್ಟು ಸಲ ಇಳಿಸುತ್ತಾರೆ ಅಂತ ನೋಡುತ್ತೇನೆ. ಒಂಬತ್ತು ಒಂಬತ್ತು ಬಿದ್ದ ಮೇಲೆ ಒಬ್ಬ ಹುಡುಗಿ ಎತ್ತಿ, ತಡೆದು, ಇಳಿಸಿ, ಕುರ್ಚಿಯಲ್ಲಿ ಕೂತು ನೀರು ಕುಡಿದು, ಮತ್ತೆ ಎದ್ದಳು ಅನ್ನಿ. ಆ ಹುಡುಗಿ ಬೆಳೆಯುತ್ತಾಳೆ ಅಂತ ನನಗೆ ಅನ್ನಿಸುತ್ತದೆ.

ಒಂದೊಂದು ಗುಂಡಿನ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ ಪ್ಯಾರಿಸ್ಸಿನ ಸರಬ್‌ಜೋತ್ ಸಿಂಗ್ ಕಥೆ ಸಾಕು. ಪುರುಷರ ಏರ್ ಪಿಸ್ತೂಲ್ ಅರ್ಹತಾ ಸುತ್ತು. ಮೊದಲ ಎಂಟು ಜನರಿಗೆ ಫೈನಲ್. ಸರಬ್‌ಜೋತ್ 577 ಹೊಡೆದರು. ಜರ್ಮನಿಯ ರಾಬಿನ್ ವಾಲ್ಟರ್ ಕೂಡ 577. ಸಮ ಆದಾಗ ಇನ್ನರ್ ಟೆನ್ ಎಣಿಸುತ್ತಾರೆ. ಜರ್ಮನಿಯವರದು 17, ನಮ್ಮವರದು 16. ಸರಬ್‌ಜೋತ್ ಒಂಬತ್ತನೆಯವರಾಗಿ ಹೊರಗುಳಿದರು. ಅರವತ್ತು ಗುಂಡಿನಲ್ಲಿ ಒಂದೇ ಒಂದು, ಅದೂ ಹತ್ತಕ್ಕೇ ಬಿದ್ದದ್ದು, ಮಿಲಿಮೀಟರಿನಷ್ಟು ಒಳಗೆ ಬಿದ್ದಿದ್ದರೆ ಇನ್ನರ್ ಟೆನ್ನಿನಲ್ಲೂ ಸಮ ಆಗುತ್ತಿತ್ತು. ಅದೇ ವಾರ ಮನು ಭಾಕರ್ ಜೊತೆ ಮಿಶ್ರ ತಂಡದಲ್ಲಿ ಅವರು ಕಂಚು ಗೆದ್ದರು ಅನ್ನುವುದು ಸಮಾಧಾನ.

ಮನು ಅವರದ್ದೂ ಹೇಳಲೇಬೇಕು, ಯಾಕೆಂದರೆ ಸಮಯ ಅನ್ನುವುದು ಕೈಯಲ್ಲಿಲ್ಲದಾಗ ಏನಾಗುತ್ತದೆ ಅಂತ ಅಲ್ಲಿ ಕಾಣುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರ ಪಿಸ್ತೂಲ್ ಮಧ್ಯದಲ್ಲೇ ಕೆಟ್ಟಿತು. ರಿಪೇರಿಗೆ ನಿಮಿಷಗಳು ಹೋದವು. ಗಡಿಯಾರ ನಿಲ್ಲಲಿಲ್ಲ. ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆಯಬೇಕಾಯಿತು. 575 ಅಂಕ, ಹನ್ನೆರಡನೆಯ ಸ್ಥಾನ, ಫೈನಲ್ ಇಲ್ಲ. ಅವಸರದಲ್ಲೂ 575 ಹೊಡೆದದ್ದು ಸಣ್ಣ ಮಾತಲ್ಲ, ಆದರೆ ಇಳಿಸುವ ಐಷಾರಾಮ ಅವರಿಗೆ ಅವತ್ತು ಇರಲಿಲ್ಲ. ಮೂರು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ 580 ಹೊಡೆದು ಫೈನಲ್ಲಿಗೆ ಹೋದರು, ಅಲ್ಲಿ 221.7 ಅಂಕಕ್ಕೆ ಕಂಚು. ಬೆಳ್ಳಿಯ ದಾರಿ ತಪ್ಪಿದ್ದು 0.1 ಅಂಕದಲ್ಲಿ. ಫೈನಲ್ಲಿನಲ್ಲಿ ಅಂಕ ದಶಮಾಂಶದಲ್ಲಿ, ಒಂದು ಗುಂಡಿಗೆ ಹೆಚ್ಚೆಂದರೆ 10.9.

ನಮ್ಮ ಊರಿನ ಮಟ್ಟಕ್ಕೆ ಇಳಿಯೋಣ. ಇಲ್ಲಿ ಎಲ್ಲ ಕಡೆ ಇಲೆಕ್ಟ್ರಾನಿಕ್ ಟಾರ್ಗೆಟ್ ಇರುವುದಿಲ್ಲ. ಸಣ್ಣ ಮ್ಯಾಚುಗಳಲ್ಲಿ ಕಾಗದದ ಕಾರ್ಡು, ರಾಟೆಯ ಮೇಲೆ ಓಡುವ ದಾರ. ಗುಂಡು ಗೆರೆ ತಾಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ರಂಧ್ರದೊಳಗೆ ಗೇಜ್ ಇಳಿಸಿ ನೋಡುತ್ತಾರೆ. ನನಗೆ ಸ್ವಂತಕ್ಕೆ ಕಾಗದವೇ ಇಷ್ಟ. ಪರದೆಯಲ್ಲಿ ಪ್ರತಿ ಗುಂಡಿಗೂ ಅಂಕ ಕಾಣುತ್ತದೆ, ಮನಸ್ಸು ಕೂಡಿಸಲು ಶುರು ಮಾಡುತ್ತದೆ. "ಇನ್ನು ನಾಲ್ಕು ಹತ್ತು ಬಂದರೆ ಈ ಹತ್ತು ಗುಂಡಿಗೆ ತೊಂಬತ್ತೈದು." ಅಲ್ಲಿಗೆ ಕೆಟ್ಟಿತು. ಮುಂದಿನ ಗುಂಡು ಎಂಟಕ್ಕೆ.

ಪೋಷಕರಿಗೆ ಒಂದು ಮಾತು. ಗುಂಡು ಹೊಡೆಯುವ ಗೆರೆಯಲ್ಲಿ ನಿಂತ ಮಗುವಿನ ಜೊತೆ ಮಾತಾಡುವಂತಿಲ್ಲ. ಕೋಚ್ ಕೂಡ ಮಾತಾಡುವಂತಿಲ್ಲ, ಮಾತಾಡಲೇಬೇಕಿದ್ದರೆ ಮಗು ಅನುಮತಿ ಪಡೆದು ಹಿಂದೆ ಬರಬೇಕು. ನೀವು ಹಿಂದೆ ಕೂತು ಹಣೆ ಚಚ್ಚಿಕೊಂಡರೆ ಅದು ಮಾತಾಡಿದ್ದಕ್ಕಿಂತ ಜಾಸ್ತಿ. ನಿಮ್ಮ ಕೈಲಿ ಆಗುವುದಿಲ್ಲ ಅಂದರೆ ಹೊರಗೆ ಹೋಗಿ ಚಹಾ ಕುಡಿದು ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಮಗುವಿಗೆ ಮಾತ್ರ ಮ್ಯಾಚಿಗೆ ಮುಂಚೆ ಕಡಕ್ ಚಹಾ ಬೇಡ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಮೊರಿನಿ, ಸ್ಟೈಯರ್, ಪಾರ್ದಿನಿಯಂಥ ವಿದೇಶಿ ಪಿಸ್ತೂಲಿಗೆ ಲಕ್ಷದ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲೇ ಮಾಡುವುದು ಅದಕ್ಕಿಂತ ಅಗ್ಗ. ಮೊದಲ ವರ್ಷ ಎರಡೂ ಬೇಡ. ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ. ಮಗನಿಗೆ ಆಸಕ್ತಿ ಇದೆ ಅಂತ ಮೊದಲ ತಿಂಗಳಲ್ಲೇ ಸಾಲ ಮಾಡಿ ತಂದವರ ಪಿಸ್ತೂಲ್ ಈಗ ಅಲಮಾರಿಯಲ್ಲಿ ಇರುವುದನ್ನು ನಾನು ನೋಡಿದ್ದೇನೆ.

ಇನ್ನು ಪಿಸ್ತೂಲೇ ಹಾರಿಸದೆ ಮಾಡುವ ಅಭ್ಯಾಸ. ಡ್ರೈ ಫೈರಿಂಗ್ ಅನ್ನುತ್ತಾರೆ. ಪೆಲೆಟ್ ಹಾಕದೆ, ಬಿಳಿ ಗೋಡೆಗೆ ಮುಖ ಮಾಡಿ, ಕೈ ಎತ್ತಿ, ಮುಂದಿನ ಸೈಟ್ ನೋಡುತ್ತಾ ಟ್ರಿಗರ್ ಒತ್ತುವುದು. ಕಂಬ ಅಲುಗದೆ ಟಿಕ್ ಅಂದರೆ ಸರಿ. ಗೋಡೆಯಲ್ಲಿ ಗುರಿಯೇ ಇಲ್ಲದ್ದರಿಂದ ಕಣ್ಣು ಎಲ್ಲಿಗೂ ಓಡುವುದಿಲ್ಲ. ದಿನಾ ಇಪ್ಪತ್ತು ನಿಮಿಷ ಸಾಕು, ಪೈಸೆ ಖರ್ಚಿಲ್ಲ. ಬ್ಯಾಂಕಿನಿಂದ ಬಂದು ನಾನು ಇದನ್ನು ಮಾಡುತ್ತಿದ್ದರೆ ಪಕ್ಕದ ಮನೆಯವರು ನಮ್ಮ ಅತ್ತೆಯನ್ನು ಕೇಳಿದರಂತೆ, "ನಿಮ್ಮ ಸೊಸಿ ಗ್ವಾಡಿ ನೋಡ್ಕೋತ ಯಾಕ ನಿಂದ್ರತಾಳ್ರಿ?" ಅತ್ತೆ ಹೇಳಿದ್ದು, "ಅಕಿಗೆ ಗ್ವಾಡಿ ಮ್ಯಾಲ ಸಿಟ್ಟೈತ್ರಿ." ಈ ಅಭ್ಯಾಸದಲ್ಲೂ ಇಳಿಸುವುದನ್ನು ಸೇರಿಸಿ. ಐದು ಸಲ ಎತ್ತಿದರೆ ಒಂದು ಸಲ ಬೇಕಂತಲೇ ಒತ್ತದೆ ಇಳಿಸಿ. ಮ್ಯಾಚಿನ ದಿನ ಹೊಸದಾಗಿ ಕಲಿಯಲಿಕ್ಕೆ ಆಗುವುದಿಲ್ಲ. ಇಳಿಸುವುದೂ ಕೈಗೆ ರೂಢಿ ಆಗಬೇಕು.

ಬಲಗಡೆ ಕೂತ ಸರ್ ಒಬ್ಬರು ಚೀಟಿ ಕಳಿಸಿದ್ದಾರೆ, "ನಲವತ್ತು ದಾಟಿದವರು ಶುರು ಮಾಡಬಹುದೇ?" ಅಂತ. ದಿಕೆಚ್ ಪ್ಯಾರಿಸ್ಸಿನಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದಾಗ ಅವರಿಗೆ 51 ವರ್ಷ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಮೂವತ್ತೆಂಟರಲ್ಲಿ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಏರ್ ರೈಫಲ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ವರೆಗೆ ಹೋಗಿ ಬಂದರು. ವಯಸ್ಸು, ಮೈಕಟ್ಟು ಇವನ್ನು ಈ ಆಟ ಅಷ್ಟಾಗಿ ಕೇಳುವುದಿಲ್ಲ. ನಲವತ್ತರ ನಂತರ ಒಂದು ತೊಂದರೆ ನಿಜ. ಹತ್ತಿರದ ವಸ್ತು ಮಂಜಾಗುತ್ತದೆ, ಮುಂದಿನ ಸೈಟ್ ಕಾಣುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಓದುವ ದೂರ ಹೇಳಬೇಡಿ, ಕೈ ಚಾಚಿ, ಅದರಾಚೆ ಒಂದು ಗೇಣು ದೂರಕ್ಕೆ ಸ್ಪಷ್ಟ ಕಾಣುವ ಕನ್ನಡಕ ಬೇಕು ಅನ್ನಿ.

ಇನ್ನೊಂದು ಚೀಟಿ. "ಮೊದಲ ಮ್ಯಾಚಿನಲ್ಲಿ ಎಷ್ಟು ಹೊಡೆದರೆ ಒಳ್ಳೆಯದು?" ಅಂಕ ಕೇಳಬೇಡಿ ಮಗಾ. ಡೈರಿಯಲ್ಲಿ ಎರಡು ಕಾಲಂ ಹಾಕು. ಎಷ್ಟು ಸಲ ಇಳಿಸಿದೆ, ಎಷ್ಟು ಸಲ ಇಳಿಸಬೇಕಿತ್ತು. ಎರಡನೆಯದು ದೊಡ್ಡದಿದ್ದರೆ ಮುಂದಿನ ತಿಂಗಳ ಕೆಲಸ ಸಿಕ್ಕಿತು ಅಂತ ಅರ್ಥ.

ಹಿಂದಿನ ಮೇಜಿನ ಮೇಲೆ ಎರಡು ಪಿಸ್ತೂಲ್ ಇಟ್ಟಿದ್ದೇವೆ. ಗಾಳಿಯ ಸಿಲಿಂಡರ್ ಬಿಚ್ಚಿದೆ, ಫ್ಲ್ಯಾಗ್ ಹಾಕಿದೆ. ಆದರೂ ಮೂತಿ ಗೋಡೆಯ ಕಡೆಗೇ ಇರಬೇಕು, ಯಾರ ಕಡೆಗೂ ತಿರುಗಬಾರದು. ತಿರುಗಿಸಿದವರ ಕೈಯಿಂದ ವಾಪಸ್ ತಗೊಳ್ಳುತ್ತೇನೆ, ದೊಡ್ಡವರಾದರೂ ಸರಿ. ಒಬ್ಬೊಬ್ಬರಾಗಿ ಬನ್ನಿ, ಎತ್ತಿ ನೋಡಿ. ಪೆಲೆಟ್ ಡಬ್ಬಿಯೂ ಇದೆ, ಮುಟ್ಟಿ ನೋಡಬಹುದು, ಆದರೆ ಅದು ಸೀಸ. ಸಂಘಟಕರು ಹೊರಗೆ ಗಿರ್ಮಿಟ್, ಮಿರ್ಚಿ ಮಾಡಿಸಿದ್ದಾರೆ ಅಂತ ವಾಸನೆ ಬರುತ್ತಿದೆ. ನಲ್ಲಿ ಬಾಗಿಲಿನ ಎಡಕ್ಕೆ ಇದೆ, ಸೋಪು ಹಚ್ಚಿ ಕೈ ತೊಳೆದುಕೊಂಡೇ ತಟ್ಟೆ ಮುಟ್ಟಿ.